ಬೀಗ ಹಾಕಿದವರೇ ತೆಗೆಯಬೇಕು

"ಎರಡನೇ ಪಂಪು ನಿಲ್ಲಿಸು ಅಂದ್ನಲ್ಲ, ಕಿವಿ ಕೇಳಿಸಲ್ವಾ?"

ಮ್ಯಾನೇಜರ್ ಬಾಗಿಲಲ್ಲೇ ನಿಂತು ಕೂಗಿದ. ಆ ಪಂಪ್‌ಹೌಸಿನಲ್ಲಿ ಕೂಗದೆ ಮಾತಾಡಿದರೆ ತುಟಿ ಅಲ್ಲಾಡಿಸಿದ್ದಷ್ಟೇ ಬಂತು.

"ಕೇಳಿಸ್ತು ಸರ್," ಅಂದಳು ಉಪ್ಪಕ್ಕ. "ಯಾಕೆ ಅನ್ನೋದು ಕೇಳಿಸಲಿಲ್ಲ."

ಹನ್ನೊಂದು ವರ್ಷದಿಂದ ಸಮುದ್ರದ ನೀರಿನ ಉಪ್ಪು ತೆಗೆದು ಊರಿಗೆ ಕುಡಿಸುತ್ತಿದ್ದವಳಿಗೆ ಬೀದಿಯ ಹೆಂಗಸರು ಇಟ್ಟ ಹೆಸರು ಅದು. ಅವಳಿಗೂ ಅದು ಒಗ್ಗಿಹೋಗಿತ್ತು. ನಲ್ಲಿಯಲ್ಲಿ ನೀರು ಕೆಂಪಗೆ ಬಂದರೂ ಸಣ್ಣಗೆ ಬಂದರೂ ಬೈಗುಳ ಮೊದಲು ಅವಳ ಮನೆಯ ಬಾಗಿಲಿಗೇ ಬರುತ್ತಿತ್ತು.

ಸ್ಥಾವರದಲ್ಲಿ ನೀರನ್ನು ಎರಡು ಸಲ ಸೋಸುತ್ತಿದ್ದರು. ಮೊದಲ ಸಾಲಿನ ಕೊಳವೆಗಳೊಳಗಿನ ಪೊರೆ ಉಪ್ಪಿನ ಬಹುಪಾಲನ್ನು ತಡೆಯಬೇಕು, ಉಳಿದದ್ದನ್ನು ಎರಡನೇ ಸಾಲು. ಆದರೆ ಮೊದಲ ಸಾಲಿನ ಪೊರೆ ಹಳತಾಗಿ ತೂತು ಬಿದ್ದ ಜರಡಿಯಂತಾಗಿತ್ತು. ಈಗ ಊರಿನ ಮಾನ ಉಳಿಸುತ್ತಿದ್ದದ್ದು ಎರಡನೇ ಸಾಲೇ. ಅದನ್ನು ನಡೆಸುವ ಪಂಪು ಕರೆಂಟನ್ನು ಬಕಾಸುರನಂತೆ ತಿನ್ನುತ್ತಿತ್ತು.

"ಸಾವಿರ ಲೀಟರಿಗೆ ಬೀಳೋ ಖರ್ಚು ನೋಡಿ ನಗರಸಭೆಯವರು ಹೌಹಾರಿದ್ದಾರೆ," ಅಂದ ಮ್ಯಾನೇಜರ್. "ಈ ತಿಂಗಳ ಲೆಕ್ಕದಲ್ಲಿ ಇಳಿಸಿ ತೋರಿಸದಿದ್ರೆ ಗುತ್ತಿಗೆ ಬೇರೆಯವರ ಪಾಲು. ಒಂದೇ ತಿಂಗಳು, ಒಂದೇ ಸಲ ಸೋಸಿ ಬಿಡೋಣ. ಜನ ಸತ್ತುಹೋಗಲ್ಲ."

"ಹೊಸ ಪೊರೆ ಹಾಕ್ಸಿ ಅಂತ ಮೂರು ವರ್ಷದಿಂದ ಬರೀತಿದ್ದೀನಲ್ಲ ಸರ್."

"ಅದಕ್ಕೂ ದುಡ್ಡು ಬೇಕಲ್ವಾ?"

"ಉಪ್ಪು ತೆಗೆಯೋಕೆ ದುಡ್ಡು ಬೇಕು ಅಂತ ಗೊತ್ತಿಲ್ದೇನೇ ಸಮುದ್ರಕ್ಕೆ ಕೊಳವೆ ಇಳಿಸಿದ್ರಾ?"

ಮ್ಯಾನೇಜರ್ ದನಿ ತಗ್ಗಿಸಲು ಹತ್ತಿರ ಬಂದ. "ನೋಡು, ನಿನ್ನ ಕೆಲಸ ಕಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲಿದೆ. ಸಹಿ ಒಂದೇ ಬಾಕಿ. ಕಂಪನಿ ಉಪ್ಪು ತಿಂದಿದ್ದೀಯ, ನೆನಪಿರ್ಲಿ."

"ತಿಂದಿದ್ದೀನಿ. ಅದಕ್ಕೇಂತ ಊರಿಗೆಲ್ಲ ತಿನ್ನಿಸ್ಬೇಕಾ?"

"ಎರಡು ಗಂಟೆಗೆ ಪಾಳಿ ಬದಲಾಗೋದ್ರೊಳಗೆ ಪಂಪು ನಿಂತಿರ್ಬೇಕು. ಅಡ್ಡ ವಾಲ್ವ್ ತೆಗೆದಿರ್ಬೇಕು," ಅಂದವನೇ ಬಿರಬಿರನೆ ನಡೆದ.

ಅಡ್ಡ ವಾಲ್ವ್ ತೆಗೆದರೆ ಮೊದಲ ಸಾಲಿನ ನೀರು ನೇರ ಊರಿನ ಟ್ಯಾಂಕಿಗೆ ಹೋಗುತ್ತದೆ. ಅದನ್ನು ತೆಗೆಯದೆ ಎರಡನೇ ಪಂಪು ನಿಲ್ಲಿಸಿದರೆ ಊರಿಗೆ ಹನಿ ನೀರೂ ಹೋಗದು. ಉಪ್ಪಕ್ಕ ಮೊದಲ ಸಾಲಿನ ನಲ್ಲಿಗೆ ಲೋಟ ಹಿಡಿದು ಒಂದು ಗುಟುಕು ಕುಡಿದಳು. ತುಟಿ ಒಡೆದಾಗ ನಾಲಿಗೆಗೆ ತಾಗುವಂಥ ರುಚಿ. ಮನೆಯಲ್ಲಿ ಅತ್ತೆಗೆ ರಕ್ತದೊತ್ತಡ. ಡಾಕ್ಟರು ಉಪ್ಪು ಬಿಡಿಸಿದಂದಿನಿಂದ ಮುದುಕಿ ಅನ್ನದ ಮೇಲಿನ ಸಿಟ್ಟನ್ನೆಲ್ಲ ನೀರಿನ ಮೇಲೆ ತೀರಿಸುತ್ತಿದ್ದಳು: "ಏನು ಸಪ್ಪೆ ನೀರೇ ಇದು, ನಿನ್ನ ಮುಖದ ಹಾಗೆ!"

ಉಪ್ಪಕ್ಕ ಲೋಟ ತೊಳೆದಿಟ್ಟು ಗೋಡೆಯ ಕಡೆ ನೋಡಿದಳು. ಅಲ್ಲಿ ಕೆಂಪು ಬಣ್ಣದಲ್ಲಿ ಬರೆದಿತ್ತು: ಬೀಗ ಹಾಕಿದವರೇ ತೆಗೆಯಬೇಕು. ಯಾರೋ ನೋಡದೆ ಪಂಪು ಚಾಲೂ ಮಾಡಿ ಒಬ್ಬ ಫಿಟ್ಟರನ ಎರಡು ಬೆರಳು ಹೋದ ಮೇಲೆ ಬಂದ ನಿಯಮ. ಅಂದಿನಿಂದ ಯಾರೂ ಮುಟ್ಟಬಾರದ ಯಂತ್ರಕ್ಕೆ ಹಾಕಲು ಪ್ರತಿಯೊಬ್ಬರಿಗೂ ಒಂದು ಬೀಗ, ಒಂದೇ ಕೀಲಿ. ಬೇರೆಯವರು ಕತ್ತರಿಸಿದರೆ ಕಾರಣ ಬರೆದು ಮೇಲಿನ ಕಚೇರಿಗೆ ಕಳಿಸಬೇಕು. ಅದನ್ನು ಬರೆಸಿ ಕೆಳಗೆ ಸಹಿ ಹಾಕಿದ್ದವನು ಇದೇ ಮ್ಯಾನೇಜರ್.

ಅವಳು ತನ್ನ ಬೀಗ ತಂದಳು. ಮುಚ್ಚಿದ್ದ ಅಡ್ಡ ವಾಲ್ವಿನ ಚಕ್ರಕ್ಕೆ ಸರಪಳಿ ಸುತ್ತಿ, ಆರು ಜನ ಬೀಗ ಹಾಕಬಹುದಾದ ಆರು ತೂತಿನ ಕೊಂಡಿ ಸಿಕ್ಕಿಸಿ, ಒಂದು ತೂತಿಗೆ ಬೀಗ ಜಡಿದಳು. ಚೀಟಿಯಲ್ಲಿ ಬರೆದಳು: "ತೆಗೆದರೆ ಊರಿಗೆ ಉಪ್ಪು ನೀರು." ದಿನಾಂಕ, ಗಂಟೆ, ಸಹಿ.

ಎರಡು ಗಂಟೆಗೆ ಮ್ಯಾನೇಜರ್ ಬಂದು ನೋಡಿದ. ಮುಖ ಸುಟ್ಟ ಬದನೆಕಾಯಿಯಾಯಿತು.

"ಕೀಲಿ ಕೊಡು."

"ಕೊಡಲ್ಲ."

"ಕತ್ತರಿಸ್ತೀನಿ."

"ಕತ್ತರಿಸಿ ಸರ್. ಕಾರಣದ ಕಾಲಂನಲ್ಲಿ ಏನು ಬರೀತೀರಿ?"

ಅಷ್ಟರಲ್ಲಿ ಮುಂದಿನ ಪಾಳಿಯ ಆಪರೇಟರ್ ಊಟದ ಡಬ್ಬಿ ಹಿಡಿದು ಒಳಗೆ ಬಂದ. ಐವತ್ತೆಂಟರ ಮನುಷ್ಯ. ಸಂಬಳ ತಡವಾದರೂ ರಜೆ ತಪ್ಪಿದರೂ ಒಂದೇ ಮಾತು ಆಡುತ್ತಿದ್ದದ್ದರಿಂದ ಎಲ್ಲರೂ ಅವನನ್ನು ಆಗ್ಲಿಬಿಡಿ ಎಂದೇ ಕರೆಯುತ್ತಿದ್ದರು. ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು.

"ಬಾರಯ್ಯ. ಇವಳ ಪಾಳಿ ಮುಗೀತು. ಎರಡನೇ ಪಂಪು ನಿಲ್ಲಿಸು. ಕಟರ್ ತಂದು ಈ ಬೀಗ ಕತ್ತರಿಸು."

ಆಗ್ಲಿಬಿಡಿ ಕನ್ನಡಕ ಏರಿಸಿ ಚೀಟಿಯನ್ನು ಅಕ್ಷರ ಅಕ್ಷರವಾಗಿ ಓದಿದ. ಡಬ್ಬಿಯನ್ನು ನೆಲಕ್ಕಿಟ್ಟ. ಕಪಾಟಿನ ಹತ್ತಿರ ಹೋಗಿ ಬಹಳ ಹೊತ್ತು ತಡಕಾಡಿದ. ಅವನು ವಾಪಸು ಬಂದಾಗ ಕೈಯಲ್ಲಿ ಕಟರ್ ಇರಲಿಲ್ಲ, ಅವನದೇ ಬೀಗವಿತ್ತು. ಅದನ್ನು ಕೊಂಡಿಯ ಎರಡನೇ ತೂತಿಗೆ ಹಾಕಿ ಒತ್ತಿದ. ಟಕ್ಕೆಂದಿತು.

"ತಲೆ ಕೆಟ್ಟಿದ್ಯಾ? ನಿವೃತ್ತಿಗೆ ಎರಡು ವರ್ಷ ಇದೆ. ಕೆಲಸ ಹೋಗುತ್ತೆ!"

"ಆಗ್ಲಿ ಬಿಡಿ ಸರ್," ಅಂದ ಅವನು. ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೀಟರು ನೋಡಲು ಕೂತ.

ಕಾಯಂ ಕಾಗದ ಹರಿದು ಬುಟ್ಟಿ ಸೇರಿತೆಂದು ಗೇಟು ದಾಟುವ ಮೊದಲೇ ಸುದ್ದಿ ಬಂತು. ಉಪ್ಪಕ್ಕ ಬಸ್ಸಿಗೆ ಕಾಯದೆ ನಡೆದಳು. ಮನೆಯಲ್ಲಿ ಅತ್ತೆ ನಲ್ಲಿಯಡಿ ಲೋಟ ಹಿಡಿದು ನಿಂತಿದ್ದಳು. ಗಟಗಟನೆ ಕುಡಿದು ಮುಖ ಸಿಂಡರಿಸಿದಳು.

"ಸಪ್ಪೆ."

"ಹ್ಞೂಂ," ಅಂದಳು ಉಪ್ಪಕ್ಕ. ಸೊಂಟದಿಂದ ಕೀಲಿ ತೆಗೆದು, ನಲ್ಲಿಯ ಪಕ್ಕದ ಮೊಳೆಗೆ ನೇತುಹಾಕಿ, ಇನ್ನೊಂದು ಲೋಟ ಹಿಡಿದಳು.