ಬಾಯಿಗೆ ಬಂದ ಮಾರ್ಕು

ನಜ್ಲಾಳಿಗೆ ಮಂಗಳೂರಿನ ಅತ್ತಾವರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಸಿಡುಕುವವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕಿ, ಸೂಜಿ ಚುಚ್ಚಿ, ಹತ್ತಿ ಒತ್ತಿ ಕಳಿಸುವಾಗ ಅವಳು ಒಂದು ಮಾತೂ ಹೆಚ್ಚಿಗೆ ಆಡುತ್ತಿರಲಿಲ್ಲ. ಒಳಗೆ ಉಳಿದ ಮಾತೆಲ್ಲ ರಜೆಯ ದಿನ ಕಾವೂರಿನ ಮನೆಯಲ್ಲಿ, ವಿಡಿಯೋ ಗೇಮ್‌ಗಳ ಮೇಲೆ ಹೊರಬೀಳುತ್ತಿತ್ತು. ಅಣ್ಣ ಅನ್ಸಾರ್ ಕೆಲಸಕ್ಕೆಂದು ಹೊರದೇಶದ ದಮ್ಮಾಮಿಗೆ ಹೋಗುವಾಗ ತನ್ನ ಗೇಮ್ ಆಡುವ ಕಂಪ್ಯೂಟರನ್ನು ಅವಳಿಗೆ ಬಿಟ್ಟುಹೋಗಿದ್ದ. ಒಂದು ಆಟ ಮುಗಿದ ಕೂಡಲೇ ಅವಳು ಮೊಬೈಲನ್ನು ಸ್ಕ್ರೀನಿನ ಕಡೆ ಹಿಡಿದು ವಿಮರ್ಶೆ ಹೇಳಿ, ‘ಬಾಯಿಗೆ ಬಂದ ಮಾರ್ಕು’ ಎಂಬ ತನ್ನ ಚಾನೆಲ್ಲಿಗೆ ಹಾಕುತ್ತಿದ್ದಳು. ಅವಳ ಮುಖವಾಗಲಿ ಹೆಸರಾಗಲಿ ಅದರಲ್ಲಿ ಇರುತ್ತಿರಲಿಲ್ಲ.

ಕಾರ್ ರೇಸಿನ ಆಟವೊಂದಕ್ಕೆ ಹತ್ತರಲ್ಲಿ ಮೂರೂಕಾಲು ಕೊಟ್ಟಿದ್ದಳು. “ಕಾಲು ಮಾರ್ಕು ಬ್ರೇಕಿಗೆ. ಇಡೀ ಆಟದಲ್ಲಿ ಹೇಳಿದ ಮಾತು ಕೇಳುವುದು ಅದೊಂದೇ.” ಸತ್ತವರು ಎದ್ದು ಬರುವ ಆಟಕ್ಕೆ ಐದು. “ಈ ಹೆಣಗಳು ನಮ್ಮ ಆಫೀಸಿನವರಿಗಿಂತ ಬೇಗ ಕೆಲಸ ಶುರು ಮಾಡ್ತವೆ.” ಕೇಳುವವರು ಹೆಚ್ಚೇನೂ ಇರಲಿಲ್ಲ. ಇದ್ದವರು ಮಾತ್ರ ಬಿಡದೆ ಕೇಳುತ್ತಿದ್ದರು.

ಆ ಮಳೆಗಾಲದಲ್ಲಿ ‘ಕಡಲ ಕಾವಲು’ ಎಂಬ ಆಟ ಬಂತು. ಮಾಡಿದವನು ಕೂಳೂರಿನ ಶೋಭಿತ್. ಅಪ್ಪನ ಹೋಟೆಲು ನೋಡಿಕೊಳ್ಳುತ್ತಾ ಗೆಳೆಯರ ಜೊತೆ ಸೇರಿ ವರ್ಷಗಟ್ಟಲೆ ಕೂತು ಮಾಡಿದ್ದ. ಮಂಗಳೂರಿನ ಆಟ ಎಂದು ಊರಿನ ಪೇಜುಗಳೆಲ್ಲ ಹೊಗಳಿದವು. ನಜ್ಲಾ ಒಂದು ಶನಿವಾರ ಪೂರ್ತಿ ಕೂತು ಅದನ್ನು ಕೊನೆಯ ಹಂತದವರೆಗೆ ಆಡಿದಳು.

“ಸಮುದ್ರ ಉಂಟು, ಟಾರ್ಪಾಲಿನ ಹಾಗೆ. ದೋಣಿ ಉಂಟು, ನಾಯಕ ಅದರ ಮೂಲಕ ನಡೆದು ಆಚೆ ಹೋಗ್ತಾನೆ. ಒಬ್ಬಳು ಹುಡುಗಿ ಉಂಟು, ಅವಳಿಗೆ ‘ಕಾಪಾಡಿ’ ಅಂತ ಹೇಳುವುದು ಬಿಟ್ಟು ಬೇರೆ ಕೆಲಸ ಇಲ್ಲ. ಕೊನೆಗೆ ಒಂದು ಬಾಗಿಲು ಉಂಟು, ಅದು ತೆಗೀಲಿಕ್ಕೆ ಎಂತ ಮಾಡಬೇಕು ಅಂತ ಮಾಡಿದವರು ಯಾರಿಗೂ ಹೇಳಿಲ್ಲ. ಹತ್ತರಲ್ಲಿ ಮೈನಸ್ ಒಂದು. ನನ್ನ ಶನಿವಾರ ವಾಪಸ್ ಕೊಟ್ಟರೆ ಸೊನ್ನೆ ಮಾಡುವ.”

ಅವಳ ಯಾವ ವಿಡಿಯೋವೂ ಅಷ್ಟು ಓಡಿರಲಿಲ್ಲ. ಹೊಗಳಿದ್ದ ಪೇಜುಗಳೇ ಅದನ್ನೂ ಹಂಚಿದವು. ಕೂಳೂರಿನ ಹೋಟೆಲಿಗೆ ಬನ್ಸ್ ತಿನ್ನಲು ಬಂದ ಗೆಳೆಯರು ಶೋಭಿತ್‌ನನ್ನು “ಎಂತ, ಮೈನಸ್?” ಎಂದು ಕರೆಯತೊಡಗಿದರು. ಅವನು ನಕ್ಕಂತೆ ಮಾಡಿದ. ಆಮೇಲೆ ಒಳಗೆ ಹೋಗಿ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ. ಅದರಲ್ಲಿ ಕಂಪ್ಯೂಟರಿನ ಹಿಂದಿನ ಗೋಡೆಯಲ್ಲಿ ಅತ್ತಾವರದ ಲ್ಯಾಬೊಂದರ ಕ್ಯಾಲೆಂಡರ್ ಅರ್ಧ ಕಾಣುತ್ತಿತ್ತು.

ಮಾರನೆಯ ವಾರ ಒಬ್ಬ ಯುವಕ ಸಕ್ಕರೆ ಪರೀಕ್ಷೆಗೆಂದು ನಜ್ಲಾಳ ಮುಂದೆ ಬಂದು ಕೂತ. ಒಂದು ತೋಳು ಚಾಚಿದರೂ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದೇ ಇದ್ದ.

“ಮುಷ್ಟಿ ಬಿಗಿ ಹಿಡೀರಿ” ಎಂದಳು.

ಅವನು ತಲೆಯೆತ್ತಿ ನೋಡಿದ. “ಈ ಸ್ವರ ನಾನು ಎಲ್ಲೋ ಕೇಳಿದ್ದೇನೆ ಅಲ್ವಾ?”

ನಜ್ಲಾ ಚೀಟಿಯ ಮೇಲಿನ ಹೆಸರು ನೋಡಿದಳು. ಶೋಭಿತ್, ಕೂಳೂರು. ರಬ್ಬರ್ ಪಟ್ಟಿಯನ್ನು ಇನ್ನಷ್ಟು ಬಿಗಿದಳು. ನರ ಒಂದೇ ಸಲಕ್ಕೆ ಸಿಕ್ಕಿತು.

“ಇದಕ್ಕೆ ನಾನು ಎಷ್ಟು ಮಾರ್ಕು ಕೊಡಬೇಕು, ಮೇಡಂ?”

“ಮೊಬೈಲ್ ಒಳಗಿಡಿ. ಇಲ್ಲಿ ವಿಡಿಯೋ ಮಾಡ್ಲಿಕ್ಕಿಲ್ಲ.”

“ಮಾಡಿ ಮುಗೀತು” ಎಂದು ಅವನು ಹತ್ತಿ ಒತ್ತಿದ ತೋಳು ಮಡಚಿ ಎದ್ದುಹೋದ.

ಸಂಜೆಯ ಹೊತ್ತಿಗೆ ಅವನ ವಿಡಿಯೋ ಬಂದಿತ್ತು. ‘ಅತ್ತಾವರದ ಸೂಜಿ: ಒಂದು ವಿಮರ್ಶೆ’. ನಜ್ಲಾಳ ಮುಖ, ಎದೆಯ ಮೇಲಿನ ಹೆಸರಿನ ಬಿಲ್ಲೆ, ಲ್ಯಾಬಿನ ಬೋರ್ಡು, ಎಲ್ಲ ಸ್ಪಷ್ಟವಾಗಿತ್ತು. “ಗ್ರಾಫಿಕ್ಸ್: ಬಿಳಿ ಗೋಡೆ. ಕಥೆ: ಸೂಜಿ ಬರ್ತದೆ, ಹೋಗ್ತದೆ. ನಾಯಕಿ: ನಗುವುದಿಲ್ಲ. ಹತ್ತರಲ್ಲಿ ಒಂದು. ಆ ಒಂದು ಹತ್ತಿಗೆ.” ಕೊನೆಯಲ್ಲಿ, ಊರಿನ ಹುಡುಗರ ಕೆಲಸಕ್ಕೆ ಮುಖ ಮುಚ್ಚಿಕೊಂಡು ಮೈನಸ್ ಮಾರ್ಕು ಕೊಡುವವರು ಇವರೇ ಎಂದು ಹೇಳಿದ್ದ.

ಹತ್ತಿಯ ಮಾತಿಗೆ ನಜ್ಲಾಳಿಗೂ ನಗು ಬಂತು. ಕೆಳಗಿನ ಕಾಮೆಂಟುಗಳಿಗೆ ಬಂದಾಗ ನಗು ನಿಂತಿತು. ಮೊದಲ ಕೆಲವರು ಆಟದ ಬಗ್ಗೆ ಬರೆದಿದ್ದರು. ಆಮೇಲಿನವರು ಅಡುಗೆ ಮನೆಗೆ ಹೋಗು ಎಂದರು. ಅದರ ನಂತರದವರಿಗೆ ಆಟವೂ ಬೇಕಿರಲಿಲ್ಲ, ಸೂಜಿಯೂ ಬೇಕಿರಲಿಲ್ಲ. ಅವಳ ಹೆಸರು ಓದಿದ್ದರು, ತಲೆಯ ಮೇಲಿನ ಬಟ್ಟೆ ನೋಡಿದ್ದರು, ಅಷ್ಟೇ ಸಾಕಾಗಿತ್ತು. ಇಂಥವರ ಕೈಗೆ ನಮ್ಮವರ ರಕ್ತ ಯಾಕೆ ಕೊಡಬೇಕು ಎಂದು ಒಬ್ಬ ಕೇಳಿದ್ದ. ಅದಕ್ಕೆ ಸಾಲು ಸಾಲು ಮೆಚ್ಚುಗೆ ಬಿದ್ದಿತ್ತು.

ಬೆಳಿಗ್ಗೆ ಲ್ಯಾಬಿನ ಮ್ಯಾನೇಜರ್ ಸೆಡ್ರಿಕ್ ಅವಳನ್ನು ಕೋಣೆಗೆ ಕರೆದರು. ಅವರ ಮೇಜಿನ ಮೇಲಿನ ಫೋನು ಬಡಿದುಕೊಳ್ಳುತ್ತಲೇ ಇತ್ತು.

“ನಿನ್ನ ತಪ್ಪು ಅಂತ ನಾನು ಹೇಳುವುದಿಲ್ಲ, ನಜ್ಲಾ. ಆದ್ರೆ ಸ್ವಲ್ಪ ದಿನ ಎದುರಿಗೆ ಕೂರುವುದು ಬೇಡ. ಹಿಂದೆ ಮೆಷಿನ್ ನೋಡ್ಕೋ.”

“ತಪ್ಪಲ್ಲದಿದ್ರೆ ಹಿಂದೆ ಯಾಕೆ ಸರ್?”

“ಕಸ್ಟಮರ್ಸ್ ಕೇಳ್ತಾರೆ ಮಾರಾಯ್ತಿ. ನಾನೆಂತ ಮಾಡ್ಲಿ?”

ಅವಳು ಹಿಂದಿನ ಕೋಣೆಗೆ ಹೋದಳು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಮೆಷಿನ್ನುಗಳು ಇಡೀ ದಿನ ತಿರುಗುತ್ತಿದ್ದವು. ಅವಳ ಜಾಗದಲ್ಲಿ ಕೂತ ಆನ್ಸಿ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಂದು, “ಅವನ ಹೋಟೆಲು ನನಗೆ ಗೊತ್ತುಂಟು, ಸೇತುವೆಯ ಹತ್ತಿರ. ಹೋಗುವಾ?” ಎಂದು ಕೇಳಿದಳು.

“ಹೋಗುವ” ಎಂದಳು ನಜ್ಲಾ. ತನ್ನ ಡಬ್ಬಿಯನ್ನು ಅವಳು ತೆರೆಯಲೇ ಇಲ್ಲ.

ಆನ್ಸಿಯ ಸ್ಕೂಟರಿನಲ್ಲಿ ಕೂಳೂರು ಮುಟ್ಟುವಾಗ ಹೋಟೆಲಿನಲ್ಲಿ ಸಂಜೆಯ ಚಹಾದ ಗಿರಾಕಿಗಳು ತುಂಬಿದ್ದರು. ಗಲ್ಲೆಯಲ್ಲಿ ಶೋಭಿತ್‌ನ ಅಪ್ಪ ಸಂಕಪ್ಪ ಕೂತಿದ್ದರು. ಪಕ್ಕದಲ್ಲೇ ನಿಂತಿದ್ದ ಶೋಭಿತ್ ಅವಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

“ಆ ವಿಡಿಯೋ ತೆಗೀರಿ” ಎಂದಳು ನಜ್ಲಾ.

“ಮೊದಲು ನಿಮ್ಮದು ತೆಗೀರಿ.”

“ನಾನು ನಿಮ್ಮ ಆಟಕ್ಕೆ ಮಾರ್ಕು ಕೊಟ್ಟದ್ದು. ನಿಮ್ಮ ಮುಖ ತೋರಿಸಿದ್ದೇನಾ? ನಿಮ್ಮ ಅಂಗಡಿ ತೋರಿಸಿದ್ದೇನಾ?”

“ನೀವು ಅಡಗಿ ಕೂತು ಬಾಯಿಗೆ ಬಂದ ಹಾಗೆ ಹೇಳಬಹುದು, ನಾನು ಹೇಳಿದ್ರೆ ತಪ್ಪಾ? ನಾನು ಆ ಸಮುದ್ರ ಮಾಡ್ಲಿಕ್ಕೆ ಎಷ್ಟು ನಿದ್ದೆಗೆಟ್ಟಿದ್ದೇನೆ ಗೊತ್ತುಂಟಾ ನಿಮಗೆ?”

“ನೀವು ನಿದ್ದೆಗೆಟ್ಟದ್ದು ಸ್ಕ್ರೀನಲ್ಲಿ ಕಾಣುವುದಿಲ್ಲ. ಕಾಣುವುದು ಟಾರ್ಪಾಲು.”

ಹತ್ತಿರದ ಮೇಜಿನವರು ಚಹಾದ ಲೋಟ ಕೆಳಗಿಟ್ಟರು. ಶೋಭಿತ್‌ನ ಕಿವಿ ಕೆಂಪಾಯಿತು.

“ನೀವು ಆಟ ಸರಿಯಾಗಿ ಆಡಿಯೇ ಇಲ್ಲ! ಆ ಬಾಗಿಲು ತೆಗೀತದೆ. ಗಂಟೆ ಹೊಡೆದು ಹೋದ್ರೆ ತೆಗೀತದೆ.”

“ಗಂಟೆ ಹೊಡೀಬೇಕು ಅಂತ ಯಾರು ಹೇಳಿದ್ದು?”

“ಬುದ್ಧಿ ಇದ್ದವರಿಗೆ ಗೊತ್ತಾಗ್ತದೆ.”

“ಹಾಗಾದ್ರೆ ಆಟದ ಜೊತೆ ನೀವೇ ಮನೆಮನೆಗೆ ಹೋಗಿ ಹೇಳಿ ಬನ್ನಿ.”

ಆನ್ಸಿ ಅವಳ ತೋಳು ಹಿಡಿದಳು. ನಜ್ಲಾ ಬಿಡಿಸಿಕೊಂಡು ತನ್ನ ಮೊಬೈಲನ್ನು ಗಲ್ಲೆಯ ಮೇಲೆ ಸಂಕಪ್ಪನವರ ಮುಂದಿಟ್ಟಳು. “ಇದು ನಿಮ್ಮ ಮಗನ ವಿಡಿಯೋದ ಕೆಳಗೆ ಬರೆದದ್ದು. ಓದಿ.”

ಸಂಕಪ್ಪ ಕನ್ನಡಕ ಸರಿಮಾಡಿಕೊಂಡು ಓದಿದರು. ಬೆರಳಿನಿಂದ ಮೇಲೆ ತಳ್ಳಿ ಮತ್ತಷ್ಟು ಓದಿದರು. ನಂತರ ಹೋಟೆಲಿನ ತುಂಬ ಕೂತವರನ್ನು ಒಮ್ಮೆ ನೋಡಿದರು.

“ದಾನೆಯಾ ಇದು? ಎಂತ ಇದು?” ಎಂದು ಮಗನನ್ನು ಕೇಳಿದರು.

“ನಾನು ಬರೆದದ್ದಲ್ಲ ಅಪ್ಪ. ಯಾರ್ಯಾರೋ ಬರೀತಾರೆ.”

“ನಿನ್ನ ಅಂಗಳದಲ್ಲಿ ತಾನೆ ಬರೆದದ್ದು? ಇಲ್ಲಿಗೆ ಎಲ್ಲ ಜಾತಿಯವರೂ ಬಂದು ತಿಂತಾರೆ. ನಾಳೆ ಇವರ ಜನ ಬಂದು ಬಾಗಿಲಲ್ಲಿ ನಿಂತ್ರೆ ನೀನು ಮಾತಾಡ್ತಿಯಾ? ಈಗಲೇ ದೆಪ್ಪು ಅದನ್ನು. ತೆಗೆ.”

ಶೋಭಿತ್ ಎಲ್ಲರ ಎದುರಿಗೆ ಮೊಬೈಲ್ ತೆಗೆದು ವಿಡಿಯೋ ಅಳಿಸಿದ. ಕ್ಷಮಿಸಿ ಎನ್ನಲಿಲ್ಲ. ಸಂಕಪ್ಪನವರೂ ಅನ್ನಲಿಲ್ಲ. “ಆಯ್ತಲ್ಲ ಅಮ್ಮ, ಇನ್ನು ಹೊರಡಿ, ಗಿರಾಕಿಗಳುಂಟು” ಎಂದು ಮೊಬೈಲನ್ನು ಅವಳ ಕಡೆ ತಳ್ಳಿದರು. ಕಾಮೆಂಟು ಓದುವಾಗ ಅವರ ಮುಖದಲ್ಲಿ ಕಂಡದ್ದು ನಾಚಿಕೆಯೋ ವ್ಯಾಪಾರದ ಹೆದರಿಕೆಯೋ ಎಂದು ನಜ್ಲಾ ದಾರಿಯುದ್ದಕ್ಕೂ ಯೋಚಿಸಿದಳು. ಹೆದರಿಕೆಯೇ ಇರಬೇಕು ಅನ್ನಿಸಿತು.

ವಿಡಿಯೋ ಹೋಯಿತು, ಅದನ್ನು ಮೊದಲೇ ಇಳಿಸಿಕೊಂಡಿದ್ದವರು ಮತ್ತೆ ಹಂಚಿದರು. ಸೆಡ್ರಿಕ್ ಹೇಳಿದ ‘ಸ್ವಲ್ಪ ದಿನ’ ಮುಗಿಯಲಿಲ್ಲ. ನಜ್ಲಾ ಬೇರೆ ಲ್ಯಾಬುಗಳಲ್ಲಿ ಕೆಲಸ ಕೇಳತೊಡಗಿದಳು. ತನ್ನ ವಿಮರ್ಶೆಯನ್ನು ಮಾತ್ರ ಅವಳು ತೆಗೆಯಲಿಲ್ಲ. ತೆಗೆದುಬಿಡು, ಸುಮ್ಮನೆ ಯಾಕೆ ತಲೆಬಿಸಿ ಎಂದು ಅನ್ಸಾರ್ ದಮ್ಮಾಮಿನಿಂದ ಫೋನು ಮಾಡಿದಾಗ, “ಆ ಬಾಗಿಲು ತೆಗೆಯುವುದು ಹೇಗೆ ಅಂತ ಆಟದಲ್ಲಿ ಈಗಲೂ ಹೇಳಿಲ್ಲ” ಎಂದಷ್ಟೇ ಹೇಳಿದಳು.

ಮಳೆ ಕಡಿಮೆಯಾಗುವ ಹೊತ್ತಿಗೆ ‘ಕಡಲ ಕಾವಲು’ ಆಟದ ಹೊಸ ಆವೃತ್ತಿ ಬಂತು. ನಜ್ಲಾ ಭಾನುವಾರ ಮಧ್ಯಾಹ್ನ ಅದನ್ನು ಹಾಕಿ ಕೂತಳು. ನಾಯಕ ಈಗ ದೋಣಿಗೆ ಸುತ್ತುಹಾಕಿ ನಡೆಯುತ್ತಿದ್ದ. ಬಾಗಿಲ ಪಕ್ಕದಲ್ಲಿ ಗಂಟೆ ಹೊಡೆಯಿರಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಹೊಡೆದಳು. ಬಾಗಿಲು ತೆರೆಯಿತು. ಒಳಗೊಬ್ಬಳು ರಾಕ್ಷಸಿ ನಿಂತಿದ್ದಳು. ಬಿಳಿ ಕೋಟು, ತಲೆಗೆ ಬಟ್ಟೆ, ಕೈಯಲ್ಲಿ ಈಟಿಯಷ್ಟು ಉದ್ದದ ಸೂಜಿ. ಅವಳು ನಗುತ್ತಿರಲಿಲ್ಲ.

“ಥೂ!” ಎಂದಳು ನಜ್ಲಾ. ಹಿಂದೆ ಮಂಚದ ಮೇಲೆ ಮಲಗಿದ್ದ ಅಜ್ಜಿ ಐಸಮ್ಮ ಎದ್ದು ಕೂತು ಸ್ಕ್ರೀನಿನ ಕಡೆ ಕಣ್ಣು ಕಿರಿದು ಮಾಡಿದರು.

“ಇದು ಯಾರು? ನಿನ್ನ ಹಾಗೆಯೇ ಉಂಟಲ್ಲ.”

“ನಾನೇ. ಆ ಹೋಟೆಲಿನವನು ಮಾಡಿದ್ದು.”

“ಆ ಹುಡುಗ ಯಾರು, ಕತ್ತಿ ಹಿಡಿದವನು?”

“ಅವನೇ, ನಾಯಕನ ವೇಷದಲ್ಲಿ. ನಾನು ಆಡಿಸುವುದು ಅವನನ್ನು. ನನ್ನನ್ನು ಕೊಂದರೆ ಆಟ ಮುಗೀತದೆ.”

ಐಸಮ್ಮ ಮಂಚದ ಅಂಚಿಗೆ ಸರಿದರು. “ಹಾಗಾದ್ರೆ ನೀನು ಅವನಿಗೆ ಯಾಕೆ ಸಹಾಯ ಮಾಡ್ತಿ?”

ನಜ್ಲಾ ಕೀಬೋರ್ಡಿನಿಂದ ಕೈ ತೆಗೆದಳು. ನಾಯಕ ಬಾಗಿಲಲ್ಲೇ ನಿಂತುಬಿಟ್ಟ. ರಾಕ್ಷಸಿ ನಿಧಾನಕ್ಕೆ ಬಂದು ಒಂದೇ ಸಲಕ್ಕೆ ಚುಚ್ಚಿದಳು. ಅವನು ಬಿದ್ದ, ಎದ್ದುಬಂದ, ಮತ್ತೆ ಬಿದ್ದ. ಐಸಮ್ಮ ತಲೆಯಾಡಿಸಿ, “ಕೈ ಚುರುಕುಂಟು” ಎಂದರು.

ಚಹಾ ಕುಡಿದು ಬಂದು ನಜ್ಲಾ ಮೊಬೈಲ್ ಹಿಡಿದಳು.

“ಕಡಲ ಕಾವಲು, ಹೊಸದು. ಸಮುದ್ರ ಈಗಲೂ ಟಾರ್ಪಾಲು. ನಾಯಕ ಈಗಲೂ ದಡ್ಡ. ಹತ್ತರಲ್ಲಿ ಎರಡು. ಎರಡೂ ಆ ಸೂಜಿಯವಳಿಗೆ. ಇಡೀ ಆಟದಲ್ಲಿ ಕೆಲಸ ಗೊತ್ತಿರುವುದು ಅವಳೊಬ್ಬಳಿಗೇ.”