ಕೊಂದವನ ಪಾಲು

ಮೊಲ ಕೊಲ್ಲುವುದರಲ್ಲಿ ಐತನನ್ನು ಮೀರಿಸುವವರು ಪರೇಲಿನ ಆ ಪ್ರಯೋಗಶಾಲೆಯಲ್ಲಿ ಇರಲಿಲ್ಲ. ಹಿಂಗಾಲು ಹಿಡಿದು ಎತ್ತಿ, ಕಿವಿಯ ಹಿಂದಕ್ಕೆ ಕಬ್ಬಿಣದ ಸಲಾಕೆಯಿಂದ ಒಂದೇ ಪೆಟ್ಟು. ಮೊಲ ಒಮ್ಮೆ ಒದ್ದುಕೊಂಡು ಜೋತುಬೀಳುತ್ತಿತ್ತು. ಕೆಲಸ ಕೊಡಿಸಿದವನು ಅವನ ಹೆಂಡತಿಯ ಅಣ್ಣ ಸದಾನಂದ. ಅಲ್ಲೇ ವರ್ಷಗಟ್ಟಲೆ ಸಹಾಯಕನಾಗಿದ್ದರೂ ಆ ಪೆಟ್ಟಿನ ಸದ್ದು ಅವನಿಗೆ ಒಗ್ಗಿರಲಿಲ್ಲ.

ಕೊಲ್ಲುವುದಕ್ಕೆ ಕಾರಣವಿತ್ತು. ರಕ್ತದ ಅಲ್ಬುಮಿನ್ ಎಂಬ ಪ್ರೋಟೀನಿಗೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿ ಮೊಲದ ಕಿವಿಯ ನರಕ್ಕೆ ಚುಚ್ಚುತ್ತಿದ್ದರು. ಅದು ಮೈಯೊಳಗೆ ಎಲ್ಲೆಲ್ಲಿ ಸೇರಿತೆಂದು ತಿಳಿಯಲು ಕೊಂದು, ಕೊಯ್ದು, ಲಿವರು, ಕಿಡ್ನಿ, ಗುಲ್ಮಗಳನ್ನು ಯಂತ್ರದ ಕೆಳಗಿಡಬೇಕು. ವಿಕಿರಣವಿದ್ದರೆ ಯಂತ್ರ ಟಕಟಕ ಎನ್ನುತ್ತಿತ್ತು. ಉಳಿದ ಹೆಣವನ್ನು ಡ್ರಮ್ಮಿಗೆ ಹಾಕಿ, ಸುಣ್ಣ ಸುರಿದು ಹೂಳುತ್ತಿದ್ದರು.

ಅವತ್ತು ಲೆಕ್ಕ ತಾಳೆಯಾಗಲಿಲ್ಲ. ಚುಚ್ಚಿದ್ದಕ್ಕಿಂತ ಸಿಕ್ಕಿದ್ದು ತೀರಾ ಕಡಿಮೆ. ಪ್ರೋಟೀನು ಒಡೆದಾಗ ಬಿಡಿಸಿಕೊಂಡ ಅಯೋಡಿನ್ ಗಂಟಲಿನ ಥೈರಾಯಿಡ್ ಗ್ರಂಥಿಯಲ್ಲಿ ಹೋಗಿ ಕೂತಿರಬೇಕು, ಕತ್ತುಗಳನ್ನು ತನ್ನಿ ಎಂದರು ಡಾಕ್ಟರು. ಸದಾನಂದ ಡ್ರಮ್ಮಿಗೆ ಕೈಹಾಕಿದ. ಒಂದು ಮೊಲಕ್ಕೂ ತಲೆಯಿಲ್ಲ. ಎಲ್ಲವನ್ನೂ ಕತ್ತಿನ ಬುಡಕ್ಕೇ ಕೊಯ್ದಾಗಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅವರ ಊರ ಕಡೆ ಬೇಟೆಯಲ್ಲಿ ಹೊಡೆದವನಿಗೆ ತಲೆ ಮತ್ತು ಕತ್ತು ಸೇರಬೇಕು. ಊರಾಳುವ ಗುತ್ತುಮನೆಯ ಯಜಮಾನನೂ ಅದನ್ನು ಕೇಳುವಂತಿಲ್ಲ. ಐತ ಮುಂಬಯಿಗೆ ಬಂದರೂ ತನ್ನ ಪಾಲು ಬಿಟ್ಟಿರಲಿಲ್ಲ. ಅವತ್ತಿನದನ್ನೂ ಹೊತ್ತುಕೊಂಡು ಆಗಲೇ ಮನೆಗೆ ಹೋಗಿದ್ದ. ಅತ್ತ ಬೈಕುಲ್ಲಾದ ಚಾಳಿನಲ್ಲಿ ಐತನ ಹೆಂಡತಿ, ಸದಾನಂದನ ತಂಗಿ ಸೇವಂತಿ ತುಂಬಿದ ಬಸುರಿ. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ತಾಯಿ ತಿಂದದ್ದು ಹೊಟ್ಟೆಯ ಕೂಸಿನ ಗಂಟಲನ್ನೂ ಹುಡುಕಿಕೊಂಡು ಹೋಗುತ್ತದೆಂದು ಸದಾನಂದನಿಗೆ ಗೊತ್ತಿತ್ತು. ಕೈಗವಸು ಕಿತ್ತೆಸೆದು ಟ್ರಾಮಿಗೆ ಓಡಿದ.

ಚಪ್ಪಲಿ ಸಮೇತ ಒಲೆಯ ತನಕ ನುಗ್ಗಿ, ಕುದಿಯುತ್ತಿದ್ದ ಗಡಿಗೆಯನ್ನು ಒದ್ದ. ಗಡಿಗೆ ಗೋಡೆಗೆ ಬಡಿದು ಒಡೆಯಿತು. ಬಿಸಿ ಸಾರು ಐತನ ಕಾಲಿಗೆ ಹಾರಿತು. ಮೊಲದ ತಲೆಯೊಂದು ಹಲ್ಲು ಕಿಸಿದುಕೊಂಡು ನೆಲದ ಮೇಲೆ ಉರುಳಿತು.

"ಎಂತ ಭಾವ, ಮರ್ಲು ಹಿಡಿಯಿತಾ ನಿನಗೆ?"

ಸದಾನಂದ ಬಾಯಿಗೇ ಗುದ್ದಿದ. ತುಟಿ ಹರಿಯಿತು. ಕೂದಲು ಹಿಡಿದು ಹೊಸ್ತಿಲಿಗೆ ಹಣೆ ಚಚ್ಚಿದ. ಐತನೇನು ಮೊಲವಲ್ಲ, ಹೊಟ್ಟೆಗೆ ಮೊಣಕಾಲು ಕೊಟ್ಟು ತಿರುಗಿಬಿದ್ದ. ಇಬ್ಬರೂ ಉರುಳಾಡಿದರು. ಚಾಳಿನವರು ಬಾಗಿಲಲ್ಲಿ ಸೇರಿದರು, ಬಿಡಿಸಲು ಮಾತ್ರ ಒಬ್ಬನೂ ಬರಲಿಲ್ಲ. ಬಿಟ್ಟಿ ತಮಾಷೆ ಯಾರಿಗೆ ಬೇಡ? ಸದಾನಂದನ ಕೈಗೆ ಅರೆಯುವ ಗುಂಡುಕಲ್ಲು ಸಿಕ್ಕಿತು. ಕೊಲ್ಲುವ ಆ ಬಲಗೈಯ ಮೇಲೆ ಅದನ್ನು ಎತ್ತಿ ಹಾಕಿದ. ಎಲುಬು ಲಟಲಟನೆ ಮುರಿಯಿತು.

"ನನ್ನ ತಂಗಿಗೆ ವಿಷ ಉಣಿಸಿದ್ದಿ."

ಐತ ರಕ್ತ ಉಗುಳಿದ. "ವಿಷ ಅಂತ ಯಾವಾಗ ಹೇಳಿದ್ದಿ? ಮೊಲಕ್ಕೆ ಚುಚ್ಚುದು ಮೊಟ್ಟೆಯ ಬಿಳಿಯ ಹಾಗಿದ್ದು ಅಂತ ನೀನೇ ಹೇಳಿದ್ದಲ್ವಾ? ಬಸುರಿಗೆ ಒಳ್ಳೇದಂತ ತಂದೆ. ನಾನು ಒಂದು ತುಂಡು ಮುಟ್ಟಲಿಲ್ಲ."

ಅದು ನಿಜ. ಕೇಳಿ ಹೆದರಿ ಕೆಲಸ ಬಿಟ್ಟಾನೆಂದು ಸದಾನಂದನೇ ಪೂರ್ತಿ ಹೇಳಿರಲಿಲ್ಲ. ತಪ್ಪು ತನ್ನದೂ ಇದೆ ಎನಿಸಿದಾಗ ಮನುಷ್ಯನಿಗೆ ಸಿಟ್ಟು ಇಮ್ಮಡಿಯಾಗುತ್ತದೆ. ಅವನು ಕಲ್ಲನ್ನು ಈ ಸಲ ತಲೆಯ ನೇರಕ್ಕೆ ಎತ್ತಿದ.

ಸೇವಂತಿ ಹೊಟ್ಟೆ ಹಿಡಿದುಕೊಂಡು ಗಂಡನಿಗೆ ಅಡ್ಡ ಬಿದ್ದಳು. "ಅಣ್ಣ, ನಾನು ತಿನ್ಲಿಲ್ಲ. ವಾಸನೆಗೇ ವಾಂತಿ ಬರ್ತಿತ್ತು. ಇವರಿಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

"ಮತ್ತೆ ಎಂತ ಮಾಡಿದ್ದಿ?"

"ಎಲುಬು ಬಿಡಿಸಿ, ಸುಕ್ಕ ಮಾಡಿ ನಿನ್ನ ಊಟದ ಡಬ್ಬಿಗೆ ಹಾಕ್ತಿದ್ದೆ. ಇವರ ಕೈಯಲ್ಲೇ ಕಳಿಸ್ತಿದ್ದದ್ದು. ಕೋಳಿ ಅಂತ ನೀನು ಹೊಗಳಿದ್ದಿಯಲ್ಲ."

ಸದಾನಂದ ಕಲ್ಲು ಕೆಳಗಿಟ್ಟ.

ಮರುದಿನ ಇಬ್ಬರನ್ನೂ ಪ್ರಯೋಗಶಾಲೆಗೆ ಕರೆದೊಯ್ದ. ಯಂತ್ರದ ನಳಿಗೆಯನ್ನು ತಂಗಿಯ ಗಂಟಲಿಗೆ ಹಿಡಿದ, ಹೊಟ್ಟೆಗೆ ಹಿಡಿದ. ಖಾಲಿ ಕೋಣೆಯಲ್ಲಿ ಬರುವ ಹಾಗೆ ಅಲ್ಲೊಂದು ಇಲ್ಲೊಂದು ಟಕ್. ಐತನ ಗಂಟಲೂ ಹಾಗೆಯೇ. ಆಮೇಲೆ ತನ್ನ ಗಂಟಲಿಗೆ ಹಿಡಿದ. ತಗಡಿನ ಮಾಡಿಗೆ ಆಲಿಕಲ್ಲು ಬಿದ್ದಂತೆ ಯಂತ್ರ ಬಡಿದುಕೊಂಡಿತು. ಸದಾನಂದನಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಕೂಸಿನ ಪಾಲಿನದು ತನ್ನೊಳಗಿದೆ ಎಂದು ಅಳುತ್ತಾ ನಕ್ಕ.

ಐತ ಬಟ್ಟೆ ಸುತ್ತಿದ ಬಲಗೈಯನ್ನು ಎದೆಗವಚಿಕೊಂಡು ಅವನ ಕತ್ತನ್ನೇ ನೋಡುತ್ತಿದ್ದ.

"ಈಗ ಡಾಕ್ಟರು ನಿನ್ನ ಕತ್ತು ಬೇಕು ಅಂದ್ರೆ ಎಂತ ಮಾಡುದು ಭಾವ?" ಎಂದ. "ನನ್ನ ಕೈ ಮುರಿದು ಹಾಕಿದ್ದಿ."

ಐತ ನಗಲಿಲ್ಲ.