ತಾರೀಖು ಕೊಟ್ಟ ರುಕ್ಮಿಣಿ

ರುಕ್ಮಿಣಿ ನಡೆಯುವುದನ್ನು ಹಿಂದಿನಿಂದ ನೋಡಿದವರಿಗೆ, ಪಾಪ, ಈಕೆಗೆ ಯಾವುದೋ ರೈಲು ತಪ್ಪಿಹೋಗುವ ಹಾಗಿದೆ ಎನ್ನಿಸುತ್ತದೆ. ಎದುರಿನಿಂದ ನೋಡಿದವರಿಗೆ, ರೈಲು ಆಗಲೇ ತಪ್ಪಿ, ಇನ್ನು ಅವಸರವೇಕೆಂದು ಸಮಾಧಾನ ತಂದುಕೊಂಡವರ ಮುಖ ಕಾಣುತ್ತದೆ. ಕಾಲಿಗೂ ಮುಖಕ್ಕೂ ಇರುವ ಈ ಭಿನ್ನಾಭಿಪ್ರಾಯವೇ ಆಕೆಯ ವ್ಯಕ್ತಿತ್ವದ ಮುನ್ನುಡಿಯೆಂದು ನನಗೆ ಅರ್ಥವಾಗಲು ಕೆಲವು ವರ್ಷಗಳೇ ಬೇಕಾದವು. ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್‌ನಲ್ಲಿ ನಾವಿರುವ ಕಟ್ಟಡದಲ್ಲಿ ಅವರದು ನಮ್ಮ ಮೇಲಿನ ಮನೆ. ಆಕೆ ಎದ್ದಳೋ ಇಲ್ಲವೋ, ಎದ್ದಿದ್ದರೆ ಯಾವ ಮನಸ್ಸಿನಿಂದ ಎದ್ದಳು ಎಂಬುದು ಎಲ್ಲರಿಗಿಂತ ಮೊದಲು ನಮ್ಮ ಅಡುಗೆಮನೆಯ ಸೂರಿಗೆ ತಿಳಿಯುತ್ತಿತ್ತು.

ಆಕೆಯ ಕೋಟಿನ ವಿಷಯ ಹೇಳದಿದ್ದರೆ ಚಿತ್ರ ಅಪೂರ್ಣ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ, ಯಾವನೋ ಎತ್ತರದ ಡಚ್ಚನಿಗೆಂದು ಹೊಲಿದ ಕಡುನೀಲಿ ಉಣ್ಣೆಯ ಕೋಟು ಅದು; ತೋಳುಗಳನ್ನು ಎರಡು ಸುತ್ತು ಮಡಚಿದರೂ ಬೆರಳ ತುದಿಯಷ್ಟೇ ಹೊರಗೆ ಕಾಣುತ್ತಿತ್ತು. ಆಳವಾದ ಅದರ ಜೇಬುಗಳಲ್ಲಿ ಸದಾ ಹುರಿದ ಶೇಂಗಾ. ಟ್ರಾಮಿಗೆ ಕಾಯುವಾಗ ಪಕ್ಕದಲ್ಲಿ ನಿಂತವರು ಯಾರೇ ಆಗಿರಲಿ ಒಂದು ಮುಷ್ಟಿ ಮುಂದೆ ಚಾಚುವಳು. ಅಪರಿಚಿತರು ಕೊಟ್ಟದ್ದನ್ನು ತಿಂದು ರೂಢಿಯಿಲ್ಲದ ಆ ಜನ ಮೊದಲು ತಬ್ಬಿಬ್ಬಾಗಿ, ಆಮೇಲೆ ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು, ಟ್ರಾಮು ಬರುವ ಹೊತ್ತಿಗೆ ತಮ್ಮ ಮೊಣಕಾಲು ನೋವಿನ ಕಥೆ ಹೇಳುತ್ತಿರುತ್ತಿದ್ದರು.

ಧಾರವಾಡದ ಹೆಣ್ಣು, ಮೈಸೂರಿನ ಗಂಡ. ದಿವಾಕರ ಜುಯಿಡಾಸ್ ಎಂಬ ಕಚೇರಿಗಳ ಬಡಾವಣೆಯ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ, ಸದ್ದಿಲ್ಲದೆ ಬಾಗಿಲು ಹಾಕುವ ಜಾತಿಯ ಮನುಷ್ಯ. ರುಕ್ಮಿಣಿಯಾದರೋ ಪ್ರತಿ ಮಾತಿಗೂ 'ಅದಲ್ಲ ಮಾತು' ಎಂಬ ಪೀಠಿಕೆ ಹಾಕದೆ ಮುಂದುವರಿದವಳಲ್ಲ. ನೀವು ಚಹಾ ಚೆನ್ನಾಗಿದೆ ಎಂದರೆ, "ಅದಲ್ಲ ಮಾತು, ಇನ್ನೊಂದು ಕಪ್ ಕುಡೀತೀರೋ ಇಲ್ಲೋ ಹೇಳ್ರಿ" ಎನ್ನುವಳು. ಎದುರಿನವರ ಮಾತನ್ನು ತೆಗೆದುಹಾಕುವ ಉದ್ದೇಶ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ನದಿ ದಾಟುವವರು ಕಲ್ಲಿನ ಮೇಲೆ ಕಾಲಿಡುವ ಹಾಗೆ ಆಕೆಗೆ ಆ ಪದಗಳ ಆಸರೆ ಬೇಕಾಗಿತ್ತು, ಅಷ್ಟೆ.

ಇನ್ನೊಂದು ಹಟವಿತ್ತು. ಗೊತ್ತು ಮಾಡಿದ ದಿನವನ್ನು ಆಕೆ ಮುಂದೂಡುತ್ತಿರಲಿಲ್ಲ. ಮದುವೆಯ ಹಿಂದಿನ ದಿನ ಮೈ ಸುಡುವ ಜ್ವರ ಬಂದು, ಮುಹೂರ್ತ ಮುಂದಕ್ಕೆ ಹಾಕೋಣವೆಂದ ಹಿರಿಯರಿಗೆ ಸೊಪ್ಪು ಹಾಕದೆ ಅದೇ ಜ್ವರದಲ್ಲಿ ಹಸೆಮಣೆ ಏರಿದವಳು. "ಧಾರೆ ನೀರು ಇವಳ ಕೈ ಮುಟ್ಟಿ ಬಿಸಿಯಾಗಿ ನನ್ನ ಕೈಗೆ ಬಂತು," ಎಂದು ದಿವಾಕರ ಈಗಲೂ ಹೇಳುವುದುಂಟು, ಸ್ವಲ್ಪ ಹೆಮ್ಮೆಯಿಂದಲೇ.

ಇಂಥ ರುಕ್ಮಿಣಿಗೆ ಸೂಲಗಿತ್ತಿಯಾಗಬೇಕೆಂಬ ಆಸೆ ಹುಟ್ಟಿದ್ದು ತನ್ನದೇ ಹೆರಿಗೆಯ ದಿನ. ಈ ದೇಶದಲ್ಲಿ ಎಷ್ಟೋ ಮಕ್ಕಳು ಮನೆಯಲ್ಲೇ ಹುಟ್ಟುತ್ತವೆ. ಆಕೆಯ ಮಗಳು ನಿಖಿತಾ ಕೂಡ ಹಾಗೆಯೇ ಹುಟ್ಟಿದವಳು. ಆ ದಿನ ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬಂದ ಸೂಲಗಿತ್ತಿ, ಒದ್ದೆ ಜಾಕೆಟ್ಟನ್ನು ಹೀಟರಿನ ಮೇಲೆ ಹರವಿ, ಒಂದು ಕಾಫಿ ಕೇಳಿ ಕುಡಿದು, ಮಂಚದ ಪಕ್ಕ ಸುಮ್ಮನೆ ಕೂತುಬಿಟ್ಟಳಂತೆ. ನೋವಿನ ನಡುವೆಯೂ ರುಕ್ಮಿಣಿ ಆ ಕೂರುವಿಕೆಯನ್ನು ಬೆರಗಿನಿಂದ ನೋಡಿದಳು. ಗಾಬರಿಯಿಲ್ಲದ ಒಬ್ಬ ಹೆಂಗಸು ಕೋಣೆಯಲ್ಲಿದ್ದರೆ ಕೋಣೆಯೇ ದೊಡ್ಡದಾಗುತ್ತದೆಂದು ಆಕೆಗೆ ಆಗ ತಿಳಿಯಿತು. ಸಂಸ್ಕೃತದಲ್ಲಿ ಬಿ.ಎ. ಮಾಡಿದವಳು ಈ ಆಸೆಯನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಮಗಳು ಹೈಸ್ಕೂಲಿಗೆ ಬಂದಿದ್ದಳು. ಸೂಲಗಿತ್ತಿಗೆ ಡಚ್ಚಿನಲ್ಲಿ ಫೆರ್ಲೋಸ್‌ಕುಂಡಿಗೆ ಎನ್ನುತ್ತಾರೆ. ಮೈಸೂರಿನಲ್ಲಿದ್ದ ಅತ್ತೆ ಫೋನಿನಲ್ಲಿ ಆ ಪದವನ್ನು ಮೂರು ಸಲ ಹೇಳಿಸಿಕೊಂಡು, "ರಾಮ ರಾಮ, ಮರ್ಯಾದಸ್ಥರು ಹೇಳೋ ಮಾತೇನೇ ಅದು!" ಎಂದು ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡರಂತೆ.

ಸರಿಯಾದ ವಿಷಯಗಳನ್ನು ಓದಿರದ ದೊಡ್ಡವರು ಕಾಲೇಜು ಸೇರಬೇಕಾದರೆ ಒಂದು ಪ್ರವೇಶ ಪರೀಕ್ಷೆ ಬರೆಯಬೇಕು: ಜೀವಶಾಸ್ತ್ರ, ರಸಾಯನಶಾಸ್ತ್ರ, ಡಚ್ ಭಾಷೆ. ಜನವರಿಯಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ. ಜನವರಿಯಲ್ಲಿ ಗೆದ್ದವರಿಗೆ ಅದೇ ಸೆಪ್ಟೆಂಬರಿನಲ್ಲಿ ಕಾಲೇಜು; ಮೇ ತಿಂಗಳವರು ಇನ್ನೂ ಒಂದು ವರ್ಷ ಕಾಯಬೇಕು. ನಲವತ್ತು ದಾಟಿದವಳಿಗೆ ಒಂದು ವರ್ಷವೆಂದರೆ ಸಣ್ಣದಲ್ಲ. ರುಕ್ಮಿಣಿ ಜನವರಿಗೆ ಹೆಸರು ಕೊಟ್ಟಳು. ಲೈಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದ ಶ್ರಾವ್ಯ ಎಂಬ ಹುಡುಗಿ ಶನಿವಾರಗಳಂದು ರೈಲು ಹಿಡಿದು ಬಂದು ರಸಾಯನಶಾಸ್ತ್ರ ಹೇಳಿಕೊಡತೊಡಗಿದಳು. ಮೂಲವಸ್ತುಗಳ ಹೆಸರನ್ನು ಶಬ್ದರೂಪಗಳಂತೆ ರಾಗವಾಗಿ ಬಾಯಿಪಾಠ ಮಾಡುವ ಧ್ವನಿ ನಮ್ಮ ಸೂರಿನಿಂದ ಇಳಿದು ಬರುತ್ತಿತ್ತು.

ಆದರೆ ಆ ಮನೆಯಲ್ಲಿ ಇನ್ನೊಂದೂ ಇತ್ತು. ಅದರ ಹಿಂದಿನ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಎಣ್ಣೆ ಕಾದು ಹೊಗೆಯಾಡುತ್ತಿದ್ದರೂ, ಒಗ್ಗರಣೆಗೆ ಸಾಸಿವೆ ಹಾಕಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲಾರದೆ ರುಕ್ಮಿಣಿ ಚಮಚ ಹಿಡಿದು ನಿಂತೇ ಇದ್ದಳು. ಹೊಗೆಯ ಗಂಟೆ ಕೂಗಿದ ಮೇಲೆ ದಿವಾಕರ ಓಡಿ ಬಂದು ಒಲೆ ಆರಿಸಿದ. ಆಕೆ ನೆಲದ ಮೇಲೆ ಕೂತು, ಅಳದೆ, "ನನಗ ತಿಳೀವಲ್ದು," ಎಂದಳು. ಮನೆ ವೈದ್ಯೆ ಅದಕ್ಕೆ ಖಿನ್ನತೆಯೆಂದು ಹೆಸರಿಟ್ಟು, ಗುಳಿಗೆಗಳನ್ನೂ ವಾರಕ್ಕೊಮ್ಮೆ ಮಾತಾಡಲು ಒಬ್ಬ ಮನಃಶಾಸ್ತ್ರಜ್ಞೆಯನ್ನೂ ಗೊತ್ತು ಮಾಡಿದರು. ರುಕ್ಮಿಣಿ ಮಾತ್ರ ಅದನ್ನು ಬರಿಯ 'ಅದು' ಎಂದಳು, ಕರೆಯದೆ ಬರುವ ನೆಂಟರ ಹೆಸರೆತ್ತಲು ಇಷ್ಟವಿಲ್ಲದವರ ಹಾಗೆ. ಗುಳಿಗೆ ನುಂಗಿದಳು, ಮಾತಾಡಿದಳು, ವಸಂತದ ಹೊತ್ತಿಗೆ ಕಾಲುವೆಯ ದಂಡೆಯಲ್ಲಿ ಮತ್ತೆ ಆ ರೈಲು ತಪ್ಪುವ ನಡಿಗೆ ಕಾಣಿಸಿತು.

ಪರೀಕ್ಷೆಯ ತಯಾರಿ ಭರದಿಂದ ನಡೆದಿದ್ದಾಗ, ನವೆಂಬರಿನಲ್ಲಿ, ಆಕೆ ಯಾರಿಗೂ ಹೇಳದೆ ಗುಳಿಗೆ ಬಿಟ್ಟಳು. ಅವು ತಲೆಗೆ ಮಂಕು ಹಿಡಿಸುತ್ತವೆ, ಓದಿದ್ದು ನಿಲ್ಲುವುದಿಲ್ಲ ಎಂಬ ಲೆಕ್ಕಾಚಾರ. ಮೊದಲಿಗೆ ನಿಜಕ್ಕೂ ಮಂಜು ಸರಿದಂತಾಗಿ ಖುಷಿಯಾಯಿತಂತೆ. ಆಮೇಲೆ, ಮೆಲ್ಲಗೆ, ನೆಲ ಕುಸಿಯತೊಡಗಿತು. ನಿದ್ದೆ ಹೋಯಿತು, ಪುಸ್ತಕದ ಒಂದೇ ಪುಟ ಬೆಳಗಿನಿಂದ ಮಧ್ಯಾಹ್ನದವರೆಗೆ ತೆರೆದೇ ಇರುತ್ತಿತ್ತು. ಇದನ್ನು ಮೊದಲು ಗುರುತಿಸಿದವಳು ನಿಖಿತಾ. ಒಂದು ಸಂಜೆ ಊಟಕ್ಕೆ ಕೂತಾಗ ದಿವಾಕರ ವಾಡಿಕೆಯಂತೆ "ಸಾರು ಚೆನ್ನಾಗಿದೆ" ಎಂದ. ರುಕ್ಮಿಣಿ "ಹೌದು" ಎಂದಳು. ಮಗಳು ಚಮಚ ಕೆಳಗಿಟ್ಟಳು.

"ಪಪ್ಪಾ, ಸಮ್‌ಥಿಂಗ್ ಈಸ್ ರಾಂಗ್. ಮಮ್ಮಾ ಜಸ್ಟ್ ಸೆಡ್ 'ಹೌದು'."

ರುಕ್ಮಿಣಿ ತಟ್ಟೆಯನ್ನೇ ನೋಡುತ್ತ, "ಗುಳಗಿ ಬಿಟ್ಟೇನಿ," ಎಂದಳು.

ವೈದ್ಯೆ ಬೈಯಲಿಲ್ಲ. ಗುಳಿಗೆ ಮತ್ತೆ ಶುರುವಾಗಲಿ, ಅದು ಕೈಹಿಡಿಯಲು ಕೆಲವು ವಾರ ಬೇಕು ಎಂದರು. ಪರೀಕ್ಷೆ ಯಾವಾಗ ಎಂಬುದನ್ನು ನೀವೇ ಯೋಚಿಸಿ, ನನಗೆ ನಿಮ್ಮ ನಿದ್ದೆ ಬೇಕು ಎಂದರು. ಜನವರಿ ಹತ್ತಿರದಲ್ಲೇ ಇತ್ತು. ಮುಂದಿನ ಶನಿವಾರ ಶ್ರಾವ್ಯ ಬಂದಾಗ ಮನೆಯಲ್ಲಿ ಪಾಠದ ಬದಲು ಪಂಚಾಯಿತಿ ನಡೆಯಿತು. ನಾನೂ ಅಲ್ಲಿದ್ದೆ, ಹಪ್ಪಳ ಕೊಡಲು ಹೋದವಳು.

"ಆಂಟಿ, ಜನವರೀಲೇ ಬರ್ದ್ಬಿಡಿ," ಎಂದಳು ಶ್ರಾವ್ಯ. "ಪೋರ್ಷನ್ ಆಲ್ಮೋಸ್ಟ್ ಮುಗ್ದಿದೆ. ಫೇಲ್ ಆದ್ರೆ ಮೇನಲ್ಲಿ ಇನ್ನೊಂದ್ ಅಟೆಂಪ್ಟ್ ಇದ್ದೇ ಇದೆ. ವರ್ಷ ಯಾಕೆ ವೇಸ್ಟು?"

ದಿವಾಕರ ತಲೆಯಾಡಿಸಿದ. "ಬೇಡ ಕಣೇ. ಮೊದ್ಲು ಪೂರ್ತಿ ಹುಷಾರಾಗು. ಆಮೇಲೆ ನೋಡೋಣ."

ರುಕ್ಮಿಣಿ ಸೋಫಾದ ಮೂಲೆಯಲ್ಲಿ ಮನೆಯೊಳಗೂ ಆ ನೀಲಿ ಕೋಟನ್ನೇ ಹೊದ್ದು ಕೂತಿದ್ದಳು. ಮಾತು ನಿಧಾನವಾಗಿ ಬಂತು. "ಪೂರ್ತಿ ಹುಷಾರಾಗೂ ದಿನ ಕ್ಯಾಲೆಂಡರಿನ್ಯಾಗ ಎಲ್ಲದ, ತೋರಸ್ರಿ. ಅದಕ್ಕ ಕಾದ್ರ ನಾ ಕಾಯ್ಕೋತ ಮುದುಕಿ ಆಗ್ತೀನಿ." ಆಮೇಲೆ ಶ್ರಾವ್ಯಳ ಕಡೆ ತಿರುಗಿದಳು. "ನೀ ಹೇಳೂದೂ ಖರೇನ. ಆದ್ರ ಈಗ ಫೇಲಾದ್ರ, ಪರೀಕ್ಷೆದಾಗ ಫೇಲಾದೆ ಅಂತ ನನಗ ಅನಸೂದಿಲ್ಲವಾ. ಫೇಲಾಗೂದಂದ್ರನ ನಾನು ಅಂತ ಅನಸ್ತದ."

ಶ್ರಾವ್ಯ ಚುರುಕು ಬುದ್ಧಿಯ ಹುಡುಗಿ. ತಾನು ಬಿಡಿಸಲಾರದ ಸಮೀಕರಣವೊಂದನ್ನು ನೋಡಿದವಳಂತೆ ಆಕೆ ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಿ ತಂದಳು.

ಕೆಲವು ದಿನ ಆ ಮನೆಯಲ್ಲಿ ಪರೀಕ್ಷೆಯ ಮಾತೇ ಏಳಲಿಲ್ಲ. ರುಕ್ಮಿಣಿಯನ್ನು ಒಳಗೇ ಕೊರೆಯುತ್ತಿದ್ದ ಸಂಕಟ ಏನೆಂದು ಆಮೇಲೆ ಆಕೆಯೇ ನನಗೆ ಹೇಳಿದಳು. ಬೇಡವೆನ್ನುತ್ತಿರುವವರು ಯಾರು, ತಾನೋ 'ಅದೋ', ಎಂದು ತಿಳಿಯದಿದ್ದುದೇ ಆ ಸಂಕಟ. ಹೆದರಿ ಹಿಂದೆ ಸರಿದರೆ ಅದಕ್ಕೆ ಸೋತಂತೆ; ಹಟಕ್ಕೆ ಬಿದ್ದು ಹೋದರೂ, ತನ್ನನ್ನು ಬೀಳಿಸಲು ಅದಕ್ಕೆ ತಾನೇ ಕೈಕೊಟ್ಟಂತೆ. ಕೊನೆಗೆ ಆಕೆ ತನ್ನನ್ನು ತಾನು ಒಂದೇ ಪ್ರಶ್ನೆ ಕೇಳಿಕೊಂಡಳಂತೆ: ನನ್ನ ಹತ್ತಿರ ಹೆರಿಗೆಗೆ ಬಂದವಳೊಬ್ಬಳು ಈ ಸ್ಥಿತಿಯಲ್ಲಿದ್ದರೆ, ಇವತ್ತೇ ತಿಣುಕು ಎಂದು ಹೇಳುತ್ತಿದ್ದೆನೇ? ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದೆನಲ್ಲವೇ?

ಒಂದು ಮಧ್ಯಾಹ್ನ, ಕಿಟಕಿಯ ಬಳಿ ನಿಂತು, ತನ್ನ ಧಾರವಾಡದ ಏರಿಳಿತದ ಡಚ್ಚಿನಲ್ಲಿ ಆಕೆಯೇ ಕಾಲೇಜಿಗೆ ಫೋನು ಮಾಡಿದಳು. ಖಿನ್ನತೆ ಎಂಬ ಪದವನ್ನು, ಅಷ್ಟು ದಿನ ಬಾಯಿಗೆ ತರದಿದ್ದುದನ್ನು, ಪರಭಾಷೆಯಲ್ಲಿ ಸ್ಪಷ್ಟವಾಗಿ ಉಚ್ಚರಿಸಿದಳು. ಜನವರಿಯಿಂದ ಹೆಸರು ತೆಗೆಸಿ ಮೇ ತಿಂಗಳಿಗೆ ಬರೆಸಿದಳು. ಸಂಜೆ ಸುದ್ದಿ ಕೇಳಿದ ದಿವಾಕರನಿಗೆ ನಿರಾಳವಾಗಿ, "ಮುಂದಕ್ಕೆ ಹಾಕಿದ್ದು ಒಳ್ಳೇದಾಯ್ತು ಬಿಡು," ಎಂದ.

"ಅದಲ್ಲ ಮಾತು," ಎಂದಳು ರುಕ್ಮಿಣಿ.

ಮಗಳು ತನ್ನ ಕೋಣೆಯಿಂದ ತಲೆ ಹೊರಗೆ ಹಾಕಿದಳು. ದಿವಾಕರನ ಕಣ್ಣು ತುಂಬಿತೆಂದು ನಿಖಿತಾ ನನಗೆ ಹೇಳಿದ್ದಾಳೆ, ಅವನು ಇಲ್ಲವೆನ್ನುತ್ತಾನೆ.

"ಮುಂದ ಹಾಕಿಲ್ರೀ. ಇನ್ನೊಂದು ತಾರೀಖು ಕೊಟ್ಟೇನಿ. ತಾರೀಖಿಲ್ದ ಬಿಟ್ರ ಅದಕ್ಕ ಮುಂದ ಹಾಕೂದು ಅಂತಾರ."

ಚಳಿಗಾಲ ಕಳೆಯಿತು, ಸುಲಭವಾಗಿ ಏನಲ್ಲ. ಶನಿವಾರದ ಪಾಠಗಳು ಕೆಲವೊಮ್ಮೆ ಪಾಠವಾದವು, ಕೆಲವೊಮ್ಮೆ ಶ್ರಾವ್ಯಳೂ ಆಕೆಯೂ ಮಾತಿಲ್ಲದೆ ಕಡಲೆಕಾಯಿ ಸುಲಿಯುವುದಾಯಿತು. ಗುಳಿಗೆಯ ಹೊತ್ತಿಗೆ ನಿಖಿತಾ ನೀರಿನ ಲೋಟ ತಂದು ಎದುರಿಗಿಟ್ಟು ಹೋಗುತ್ತಿದ್ದಳು.

ಮೇ ತಿಂಗಳ ಆ ದಿನವೂ ಬಂತು. ಬೆಳಿಗ್ಗೆ ನಮ್ಮ ಸೂರಿನ ಮೇಲೆ ಬಹಳ ಹೊತ್ತು ಹೆಜ್ಜೆಯ ಸದ್ದಿಲ್ಲ. ನಾನು ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಮೇಲೆ ನಡೆದದ್ದು ಇಷ್ಟು: ರುಕ್ಮಿಣಿ ಎದ್ದು ಮಂಚದ ಅಂಚಿನಲ್ಲಿ ಕೂತವಳು ಕೂತೇ ಇದ್ದಳು. ದಿವಾಕರ ಫೋನು ಕೈಗೆತ್ತಿಕೊಂಡು, "ಹೇಳಿಬಿಡ್ಲಾ? ಇನ್ನೊಂದ್ ಡೇಟ್ ಕೇಳಿದ್ರಾಯ್ತು," ಎಂದ.

ಆಕೆ ತಡೆದು ತಡೆದು ಹೇಳಿದಳು: "ಇವತ್ತು ಹೋಗ್ಲಿಕ್ಕೆ ಮನಸಿಲ್ಲ, ಖರೆ. ಆದ್ರ ಅವತ್ತಿನಂಗ ಇಲ್ಲ. ಅವತ್ತು ನಾನ ಇದ್ದಿಲ್ಲ, ಇವತ್ತು ಇದ್ದೇನಿ. ಎರಡಕ್ಕೂ ಫರಕು ನನಗ ತಿಳೀತದ. ಉಪ್ಪಿಟ್ಟು ಮಾಡ್ರಿ."

ಉಪ್ಪಿಟ್ಟು ತಿಂದು, ಗುಳಿಗೆ ನುಂಗಿ, ದಿವಾಕರನ ಜೊತೆ ಟ್ರಾಮು ಹತ್ತಿದಳು, ದಾರಿಯಲ್ಲಿ ಒಂದೂ ಮಾತಾಡಕೂಡದೆಂಬ ಕರಾರಿನ ಮೇಲೆ. ದೊಡ್ಡ ಒಳಾಂಗಣ ಕ್ರೀಡಾಂಗಣವೊಂದರಲ್ಲಿ ಸಾಲು ಮೇಜುಗಳು. ಆಕೆಯ ಹಾಗೆಯೇ ತಡವಾಗಿ ಆಸೆಪಟ್ಟ ಹಲವು ದೇಶಗಳ ಹಲವು ವಯಸ್ಸಿನ ಜನ. ಮಧ್ಯಾಹ್ನ ಹೊರಗೆ ಬಂದವಳನ್ನು ದಿವಾಕರ, "ಹೇಗಾಯ್ತು?" ಎಂದು ಕೇಳಿದ. "ಹಸಿವ್ಯಾಗೇದ," ಎಂದಳು. ಅದಕ್ಕಿಂತ ಒಳ್ಳೆಯ ಫಲಿತಾಂಶವನ್ನು ಆತ ಬಯಸಿರಲಿಲ್ಲ.

ನಿಜವಾದ ಫಲಿತಾಂಶ ಅಷ್ಟು ಉದಾರವಾಗಿರಲಿಲ್ಲ. ಜೀವಶಾಸ್ತ್ರ ಪಾಸು, ಡಚ್ ಪಾಸು, ರಸಾಯನಶಾಸ್ತ್ರದಲ್ಲಿ ಸ್ವಲ್ಪದರಲ್ಲಿ ನಪಾಸು. ರುಕ್ಮಿಣಿ ಸೋಫಾದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮನೆಯವರೆಲ್ಲ ಕಾಲ ತುದಿಯಲ್ಲಿ ಓಡಾಡಿದರು. ಶನಿವಾರ ಬಂತು. ಬರಲೋ ಬೇಡವೋ ಎಂದುಕೊಂಡೇ ಬಂದ ಶ್ರಾವ್ಯ ಬಾಗಿಲಲ್ಲಿ ನಿಂತಾಗ ಆಕೆ ಎದ್ದು ಕೂತು, ಕೂದಲು ಗಂಟು ಹಾಕಿಕೊಂಡು, "ಕೆಮಿಸ್ಟ್ರಿದಾಗ ಫೇಲಾದೆ ನೋಡವಾ," ಎಂದಳು.

ಕೆಮಿಸ್ಟ್ರಿಯಲ್ಲಿ. ಅಷ್ಟೇ, ಅದರಲ್ಲಿ ಮಾತ್ರ. ಶ್ರಾವ್ಯ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಆಕೆಯನ್ನು ತಬ್ಬಿಕೊಂಡಳು.

ನಪಾಸಾದ ವಿಷಯಕ್ಕೆಂದೇ ಆಗಸ್ಟಿನಲ್ಲಿ ನಡೆಯುವ ಮರುಪರೀಕ್ಷೆಯಲ್ಲಿ ಕೆಮಿಸ್ಟ್ರಿಯೂ ದಾಟಿತು. ಮರುವರ್ಷ ಕಾಲೇಜು ಸೇರಿ, ಈಗ ಎರಡನೆಯ ವರ್ಷದಲ್ಲಿದ್ದಾಳೆ. ತನ್ನ ಅರ್ಧ ವಯಸ್ಸಿನ ಸಹಪಾಠಿಗಳಿಂದ ಹೆಸರು ಹಿಡಿದು ಕರೆಸಿಕೊಳ್ಳುತ್ತಾಳೆ. ಗುಳಿಗೆ ಇಂದಿಗೂ ಇದೆ. ಕಳೆದ ಚಳಿಗಾಲದಲ್ಲಿ 'ಅದು' ಮತ್ತೊಮ್ಮೆ ಬಂದು ಹೋಯಿತು. ಬರುವ ಸುಳಿವು ಸಿಕ್ಕೊಡನೆ ಕಾಲೇಜಿನವರಿಗೆ ತಿಳಿಸಿ, ತರಬೇತಿಯ ಕೆಲಸದಿಂದ ಬಿಡುವು ಪಡೆದು, ಯಾವಾಗ ಹಿಂದಿರುಗುವೆನೆಂದೂ ಹೇಳಿ, ಹಾಗೆಯೇ ಹಿಂದಿರುಗಿದಳು.

ಧೈರ್ಯವನ್ನು ನಾವು ಸಾಮಾನ್ಯವಾಗಿ ಮುನ್ನುಗ್ಗುವವರಲ್ಲಿ ಹುಡುಕುತ್ತೇವೆ. ಜ್ವರದಲ್ಲಿ ಹಸೆಮಣೆ ಏರಿದವರ ಕಥೆ ಹೇಳಲು ಎಲ್ಲರಿಗೂ ಸೊಗಸು. ತಮ್ಮೊಳಗೆ ಏಳುವ 'ಇವತ್ತು ಬೇಡ' ಎಂಬ ದನಿ ತಮ್ಮದೋ, ತಮ್ಮ ಕಾಯಿಲೆಯದೋ ಎಂದು ಪ್ರತಿ ಸಲವೂ ಹೊಸದಾಗಿ ಕಿವಿಗೊಟ್ಟು ಕೇಳುವವರ ಧೈರ್ಯಕ್ಕೆ ಅಂಥ ಸೊಗಸಿಲ್ಲ. ಅದು ಹೊರಗಿನವರಿಗೆ ಆಲಸ್ಯದಂತೆ ಕಾಣುತ್ತದೆ, ಮನೆಯವರಿಗೆ ಹಟದಂತೆ, ಅವರಿಗೇ ಎಷ್ಟೋ ಸಲ ಸೋಲಿನಂತೆ. ಇಂಥವರ ಜೊತೆ ಬಾಳುವುದು ಸುಲಭವೆಂದು ನಾನು ಹೇಳಲಾರೆ. ಆದರೆ ಅವರು ಬರುತ್ತೇನೆಂದರೆ ಬಾಗಿಲು ತೆರೆದಿಟ್ಟು ನೆಮ್ಮದಿಯಿಂದಿರಬಹುದು. ಇಂದು ಬರಲಾರೆನೆಂದರೂ ಅಷ್ಟೇ ನೆಮ್ಮದಿಯಿಂದಿರಬಹುದು, ಏಕೆಂದರೆ ಯಾವತ್ತು ಬರುತ್ತೇನೆಂಬುದನ್ನೂ ಅವರು ಆಗಲೇ ಹೇಳಿರುತ್ತಾರೆ.